ಹಿಂದಿನ ದಿನದ ಎಣ್ಣೆಗಾಯಿ

ನನ್ನ ತವರು ಜಗಳೂರು. ಅಲ್ಲಿ ಎಣ್ಣೆಗಾಯಿ ಎಂದರೆ ಬದನೆಕಾಯಿಯದ್ದೇ. ಅವ್ವ ಹೊಲದ ಶೇಂಗಾ ಹುರಿದು, ಕುಟ್ಟಿ, ಎಳೆ ಬದನೆಕಾಯಿಗೆ ತುಂಬಿ ಒಲೆಯ ಮೇಲಿಟ್ಟರೆ ಓಣಿಗೆಲ್ಲ ವಾಸನೆ ಹೋಗುತ್ತಿತ್ತು. ಮದುವೆಯಾಗಿ ಚನ್ನಗಿರಿಗೆ ಬಂದಾಗ ನನಗೆ ಚೆನ್ನಾಗಿ ಬರುತ್ತಿದ್ದ ಅಡುಗೆ ಅದೊಂದೇ. ಆದರೆ ಅತ್ತೆಗೆ ಬದನೆಕಾಯಿ ಆಗುತ್ತಿರಲಿಲ್ಲ. ತಿಂದರೆ ಮೈಯೆಲ್ಲ ಕೆರೆತ. ಒಂದು ವಾರ ಯೋಚನೆ ಮಾಡಿ, ಸಂತೆಯಲ್ಲಿ ಯಾರೂ ಕೊಳ್ಳದೆ ಮೂಲೆಗೆ ಸುರಿದಿದ್ದ ನೆಲ್ಲಿಕಾಯಿ ಗಾತ್ರದ ಆಲೂಗಡ್ಡೆ ತಂದು ಅದೇ ಮಸಾಲೆಯಲ್ಲಿ ಮಾಡಿದೆ. ಅತ್ತೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಹೊಗಳುವ ಸ್ವಭಾವ ಅವರದಲ್ಲ. ತಟ್ಟೆ ತೊಳೆಯಲು ಎದ್ದವರು ತಿರುಗಿ, ನಾಳೆಗೂ ಒಂದಿಷ್ಟು ಎತ್ತಿಡು ಎಂದರು.

ಮಾರನೆಯ ದಿನ ತಿಂದಾಗ ಅದರ ನಿಜವಾದ ರುಚಿ ಗೊತ್ತಾಯಿತು. ಬದನೆಕಾಯಿ ಮರುದಿನಕ್ಕೆ ಕರಗಿ ಮುದ್ದೆಯಾಗುತ್ತದೆ. ಆಲೂಗಡ್ಡೆ ಹಾಗಲ್ಲ, ರಾತ್ರಿಯಿಡೀ ಕೂತು ಹುಳಿ, ಖಾರ, ಉಪ್ಪು ಎಲ್ಲವನ್ನೂ ಒಳಗೆ ಎಳೆದುಕೊಂಡು, ಹೊರಗೆ ಮಾತ್ರ ಗುಂಡಗೆ, ಬಿಡಿಬಿಡಿಯಾಗಿ, ಎಣ್ಣೆಯಲ್ಲಿ ಮಿನುಗುತ್ತ ಇರುತ್ತದೆ. ನೋಡಲು ಹಬ್ಬದ ಅಡುಗೆಯ ಹಾಗೆ. ಆಮೇಲೆ ವರ್ಷಗಟ್ಟಲೆ ಮಾಡಿ ಮಾಡಿ ಅದಕ್ಕೊಂದು ಕ್ರಮ ಕೂಡಿಸಿಕೊಂಡೆ. ಆಲೂಗಡ್ಡೆಯನ್ನು ಉಪ್ಪು ನೀರಲ್ಲಿ ಮುಕ್ಕಾಲು ಭಾಗ ಮಾತ್ರ ಬೇಯಿಸಬೇಕು. ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ಕಡ್ಡಿಯಿಂದ ಚುಚ್ಚಿ, ಎಣ್ಣೆಯಲ್ಲಿ ಮೈ ಬಿಗಿಯುವ ತನಕ ಹೊರಳಿಸಬೇಕು. ಮಸಾಲೆಗೆ ಶೇಂಗಾ, ಎಳ್ಳು, ಒಂದು ಚೂರು ಗುರೆಳ್ಳು, ಒಣಕೊಬ್ಬರಿ. ಹಸಿ ತೆಂಗಿನಕಾಯಿ ಹಾಕಿದರೆ ಹಳಸುತ್ತದೆ, ಈರುಳ್ಳಿ ಹಾಕಿದರೆ ನೀರೊಡೆಯುತ್ತದೆ. ಸೌಟು ಹಾಕಿ ತಿರುವಿದರೆ ಒಡೆದುಹೋಗುತ್ತವೆ, ಬೋಗುಣಿಯ ಎರಡೂ ಕಿವಿ ಹಿಡಿದು ಕುಲುಕಬೇಕು. ಎಣ್ಣೆ ಮೇಲೆ ಬಂದು ನಿಂತ ಮೇಲೆ ಇಳಿಸಿ, ಪೂರ್ತಿ ಆರುವವರೆಗೆ ಮುಚ್ಚಳ ಹಾಕಬಾರದು. ಇಷ್ಟು ಮಾಡಿದರೆ ಎಂಥ ದೊಡ್ಡ ಕಾರ್ಯವಿದ್ದರೂ ಹಿಂದಿನ ದಿನವೇ ಮಾಡಿಟ್ಟು ನಿಶ್ಚಿಂತೆಯಾಗಿ ಇರಬಹುದು.

ನನ್ನ ಗಂಡನಿಗೆ ಒಬ್ಬಳೇ ತಂಗಿ. ಹೊನ್ನಾಳಿಗೆ ಕೊಟ್ಟಿತ್ತು. ಅವರು ಹೊಸಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಮೊದಲ ಸಲ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ಒಯ್ದೆವು. ನಮ್ಮವರಿಗೆ ಚನ್ನಗಿರಿಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಅಂಗಡಿಗೆ ಬೀಗ ಹಾಕಿ, ಬಸ್ಸಿನಲ್ಲಿ ದೊಡ್ಡ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಗುಂಡಿ ಬಂದಾಗಲೆಲ್ಲ ಅದನ್ನು ಮಗುವಿನ ಹಾಗೆ ಎತ್ತಿ ಹಿಡಿಯುತ್ತಿದ್ದರು. ಅಂಗಿಗೆ ಎಣ್ಣೆ ಹತ್ತಿದ್ದನ್ನು ಬೈಯುತ್ತ ಉಜ್ಜಿದರೆ ನಕ್ಕರು. ಅವತ್ತು ಹೋಳಿಗೆ ಊಟ. ಹೋಳಿಗೆಗಿಂತ ಮೊದಲು ನನ್ನ ಆಲೂಗಡ್ಡೆ ಖಾಲಿಯಾಯಿತು. ಅದಾದ ಮೇಲೆ ಹೊನ್ನಾಳಿಯ ಮನೆಯಲ್ಲಿ ಏನೇ ನಡೆದರೂ, ನಾಮಕರಣವಿರಲಿ, ಪೂಜೆಯಿರಲಿ, ನಾದಿನಿ ಮೊದಲು ಫೋನ್ ಮಾಡುತ್ತಿದ್ದುದು ನನಗೆ. ನಾವು ಹಿಂದಿನ ಸಂಜೆಯೇ ಹೋಗುತ್ತಿದ್ದೆವು. ಅಡುಗೆ ಆಗಲೇ ಮಾಡಿ ಒಯ್ದಿರುತ್ತಿದ್ದರಿಂದ ನನಗೆ ಅಲ್ಲಿ ಬೇರೆ ಕೆಲಸ ಇರುತ್ತಿರಲಿಲ್ಲ. ತಲೆಗೆ ಹೂ ಮುಡಿದು, ರೇಷ್ಮೆ ಸೀರೆ ಉಟ್ಟು, ಬಂದವರ ಜೊತೆ ಮಾತಾಡಿಕೊಂಡು ಇರುತ್ತಿದ್ದೆ. ಮಾಡಿಟ್ಟು ಬಂದವಳ ಆರಾಮ ನೋಡು ಎಂದು ಬೇರೆ ಹೆಂಗಸರು ತಮಾಷೆ ಮಾಡುತ್ತಿದ್ದರು.

ನಮಗೆ ಮಕ್ಕಳಾಗಲಿಲ್ಲ. ನಾದಿನಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಬೇಸಿಗೆ ರಜೆ ಪೂರ್ತಿ ನಮ್ಮ ಮನೆಯಲ್ಲೇ. ನಾನು ನಲ್ಲೂರಿನ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಾಲೆಯಿಂದ ತಂದ ಬಣ್ಣದ ಸೀಮೆಸುಣ್ಣದಿಂದ ಅವಳು ನಮ್ಮ ಅಂಗಳದ ತುಂಬ ಚಿತ್ರ ಬರೆಯುತ್ತಿದ್ದಳು. ಅವಳ ಜಡೆ ಹಾಕಿ ನನ್ನ ಕೈಗೆ ರೂಢಿಯಾಗಿತ್ತು. ಅತ್ತೆ ತೀರಿಕೊಂಡ ಮೇಲೆ ನಡೆದ ದೊಡ್ಡವಳ ಮದುವೆಯಲ್ಲಿ ಸೋದರಮಾವನಾಗಿ ನಮ್ಮವರೇ ಮುಂದೆ ನಿಂತರು. ಹುಡುಗಿಯನ್ನು ಮಂಟಪಕ್ಕೆ ಕರೆತಂದವರು ಅವರು, ಪಕ್ಕದಲ್ಲಿ ಕಳಸ ಹಿಡಿದು ನಡೆದವಳು ನಾನು. ಆ ಫೋಟೋ ಈಗಲೂ ನಾದಿನಿಯ ಮನೆಯ ಪಡಸಾಲೆಯಲ್ಲಿದೆ.

ಆ ಮದುವೆಯಾದ ಮರುವರ್ಷ ಅವರು ಹೋದರು. ಬೆಳಿಗ್ಗೆ ಅಂಗಡಿಯ ಶೆಟರ್ ಎತ್ತಿದವರು ಹಾಗೇ ಕುಸಿದು ಕೂತರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಮುಂದಿನದು ಎಲ್ಲ ಮನೆಗಳಲ್ಲಿ ಆಗುವಂಥದ್ದೇ. ಬಳೆ, ಕುಂಕುಮ, ಹೂ ಎಲ್ಲವನ್ನೂ ಯಾರೋ ಹೆಂಗಸರು ಸುತ್ತ ನಿಂತು ತೆಗೆದರು. ನನಗೆ ಆಗ ಅದರ ಕಡೆ ಗಮನವಿರಲಿಲ್ಲ. ಒಂದು ತಿಂಗಳ ಮೇಲೆ ಶಾಲೆಗೆ ಹೊರಟಾಗ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಹಣೆಗೆ ಒಂದು ಸಣ್ಣ ಸ್ಟಿಕ್ಕರ್ ಹಚ್ಚಿಕೊಂಡೆ. ಚಿಕ್ಕಂದಿನಿಂದ ಇಟ್ಟುಕೊಂಡು ಬಂದದ್ದು, ಅದು ಗಂಡ ಕೊಟ್ಟಿದ್ದಲ್ಲ ಅನ್ನಿಸಿತು. ಶಾಲೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮಕ್ಕಳು ಎಂದಿನಂತೆ ಎದ್ದು ನಿಂತು ನಮಸ್ತೆ ಎಂದವು. ಹಾಗಾಗಿ ಹೊರಗಿನ ಜಗತ್ತು ಬದಲಾಗಿಲ್ಲ ಎಂದುಕೊಂಡೆ.

ಮೊದಲ ಫೋನ್ ಬಂದದ್ದು ದೊಡ್ಡ ಹುಡುಗಿಯ ಕುಬುಸಕ್ಕೆ. ಅವಳು ಬಸುರಿ, ಹೊನ್ನಾಳಿಯಲ್ಲಿ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನಾದಿನಿ ಎಂದಿನ ಹಾಗೇ ಅಕ್ಕರೆಯಿಂದ ಮಾತಾಡಿದಳು. ಊಟ ಮಾಡುತ್ತೇನೋ ಇಲ್ಲವೋ, ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎಲ್ಲ ವಿಚಾರಿಸಿದಳು. ಆಮೇಲೆ ಹೇಳಿದಳು.

"ಅತ್ತಿಗೆ, ನಿಮ್ಮ ಆಲೂಗಡ್ಡೆ ಎಣ್ಣೆಗಾಯಿ ಇಲ್ಲದೆ ಹೆಂಗೆ? ಮಾಡಿ ಕಳಿಸ್ರಿ. ಹಿಂದಿನ ದಿನ ಮಾಡಿದ್ರೂ ಕೆಡಲ್ಲ ಅಲ್ವಾ. ನೀವು ಸುಮ್ಮನೆ ಬಸ್ಸಿನಾಗೆ ಒದ್ದಾಡಿಕೊಂಡು ಬರಬ್ಯಾಡ್ರಿ. ಹೆಂಗಸರಿಗೆ ಫ್ರೀ ಆದ ಮ್ಯಾಲೆ ಕಾಲಿಡಾಕೂ ಜಾಗ ಇರಲ್ಲ."

ನಾನು ಅದನ್ನು ಕಾಳಜಿ ಎಂದೇ ತಿಳಿದೆ. ಸತ್ಯವಾಗಿ ಹಾಗೇ ತಿಳಿದೆ. ದುಃಖದಲ್ಲಿರುವವಳಿಗೆ ಪ್ರಯಾಣದ ತೊಂದರೆ ಬೇಡ ಎಂದು ಹೇಳುತ್ತಿದ್ದಾಳೆ ಎಂದುಕೊಂಡು ಕಣ್ಣಲ್ಲಿ ನೀರು ಬಂತು. ಶನಿವಾರ ಶಾಲೆಯಿಂದ ಬಂದವಳೇ ಶೇಂಗಾ ಹುರಿಯಲು ಕೂತೆ. ಒಬ್ಬಳೇ ಅಷ್ಟು ಆಲೂಗಡ್ಡೆಯ ಸಿಪ್ಪೆ ತೆಗೆದದ್ದು ಅದೇ ಮೊದಲು. ಹಿಂದೆಲ್ಲ ಅವರು ಅಂಗಡಿಯಿಂದ ಬಂದು, ಕೈಗೆ ಹತ್ತಿದ ಗ್ರೀಸ್ ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಎದುರಿಗೆ ಕೂತು ಬಿಡಿಸಿಕೊಡುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾದಿನಿಯ ಗಂಡ ಕಾರಿನಲ್ಲಿ ಬಂದರು. ನಾನು ಬೇಗ ಸ್ನಾನ ಮಾಡಿ, ಒಂದು ತಿಳಿ ಬಣ್ಣದ ಸೀರೆ ಉಟ್ಟಿದ್ದೆ. ಬಸ್ಸಿನ ತೊಂದರೆ ಬೇಡ ಎಂದಮೇಲೆ ಕಾರು ಬಂದಿದೆಯಲ್ಲ, ಹೋಗಬಹುದು ಎಂದು ಮನಸ್ಸಿನಲ್ಲಿತ್ತು. ಅವರು ಒಳಗೆ ಬಂದು ಬೋಗುಣಿ ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದರು. ಹಿಂದಿನ ಸೀಟು ಖಾಲಿ ಇತ್ತು. ನಾನೂ ಬರಲಾ ಎಂದು ಕೇಳಿದೆ. ಅವರು ಸ್ಟೀರಿಂಗ್ ನೋಡುತ್ತ, "ಬ್ಯಾಡ ಬಿಡಿ ಅಕ್ಕ, ನಿಮಗೆ ಸ್ಕೂಲು ಇರತೈತಲ್ಲ" ಎಂದರು. ಅವತ್ತು ಭಾನುವಾರ ಎಂಬುದು ಅವರಿಗೂ ಗೊತ್ತಿತ್ತು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಎದುರು ಮನೆಯಾಕೆ ಎಲ್ಲಿಗೋ ಹೊರಟ ಹಾಗಿದೆ ಎಂದು ಕೇಳಿದಳು. ಇಲ್ಲ ಎಂದೆ.

ಸಂಜೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಬಂದವು. ಹಸಿರು ಸೀರೆಯಲ್ಲಿ ಹುಡುಗಿ. ಸುತ್ತ ರೇಷ್ಮೆ ಸೀರೆಯ ಹೆಂಗಸರು, ಎಲ್ಲರ ಹಣೆಯಲ್ಲೂ ಆಗಷ್ಟೇ ಹಚ್ಚಿದ ಕುಂಕುಮ. ಒಂದು ಫೋಟೋದಲ್ಲಿ ಬರೀ ಊಟದ ಎಲೆ. ಎಲೆಯ ಬಲಕ್ಕೆ ನನ್ನ ಆಲೂಗಡ್ಡೆ. ಸೂಪರ್ ಎಂದು ಬಹಳ ಜನ ಬರೆದಿದ್ದರು. ಆ ಎಲೆಯ ಫೋಟೋವನ್ನು ನಾನು ತುಂಬ ಹೊತ್ತು ನೋಡಿದೆ. ಆಗಲೂ ಒಂದು ಸಲ ಮನಸ್ಸು ಸಮಾಧಾನ ಹೇಳಿಕೊಂಡಿತು, ವರ್ಷ ತುಂಬಿಲ್ಲವಲ್ಲ, ಅದಕ್ಕೇ ಇರಬಹುದು ಎಂದು. ವರ್ಷ ತುಂಬಿತು. ಮಗುವಿನ ತೊಟ್ಟಿಲ ಕಾರ್ಯಕ್ಕೂ ಅದೇ ಮಾತು, ಅದೇ ಕಾರು, ಅದೇ ಬೆಲ್ಟ್.

ದಸರಾ ರಜೆಗೆ ಜಗಳೂರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವ್ವ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದಳು. ನನ್ನ ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಅವಳಿಗೆ ನನ್ನ ನೋವು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ನನ್ನ ಪರವಾಗಿ ನಾಲ್ಕು ಮಾತು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಜೋಳ ಹರವುವುದನ್ನು ನಿಲ್ಲಿಸಲಿಲ್ಲ.

"ಕರೀಲಿಲ್ಲ ಅಂದ್ರೆ ಹೋಗಬಾರದು," ಎಂದಳು. "ಕರೆದ್ರೂ ಹಿಂದೆ ಇರಬೇಕು. ಅದು ನಮಗೇ ತಿಳೀಬೇಕು, ಇನ್ನೊಬ್ರ ಕೈಲಿ ಹೇಳಿಸಿಕೋಬಾರದು."

ನನ್ನ ಮದುವೆಯಲ್ಲಿ ಧಾರೆ ಎರೆದದ್ದು ದೊಡ್ಡಪ್ಪ, ದೊಡ್ಡಮ್ಮ. ಆ ಹೊತ್ತಿನಲ್ಲಿ ನೀನು ಎಲ್ಲಿದ್ದೆ ಎಂದು ಕೇಳಿದೆ.

"ಹಿಂದ್ಗಡೆ. ಪಾತ್ರೆ ಕಾಯಾಕೆ ಯಾರಾದ್ರೂ ಬೇಕಲ್ಲ."

ಮಳೆ ಬಂತು, ಹೋಯಿತು ಎನ್ನುವ ಹಾಗೆ ಹೇಳಿದಳು. ಅವಳ ಒಬ್ಬಳೇ ಮಗಳ ಕೊರಳಿಗೆ ತಾಳಿ ಬೀಳುವಾಗ ಅವಳು ಗೋಡೆಯ ಆಚೆ ಬಾಡಿಗೆ ಪಾತ್ರೆಗಳ ಮಧ್ಯೆ ಕೂತು ವಾಲಗದ ಸದ್ದು ಕೇಳಿಸಿಕೊಂಡಿದ್ದಳು. ನನಗೆ ನಾದಿನಿಯ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಸಿಟ್ಟು ಅವ್ವನ ಮೇಲೆ ಬಂತು. ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದರಿಂದಲೇ ನನಗೂ ಒಪ್ಪಿಕೋ ಎನ್ನುತ್ತಿದ್ದಾಳೆ ಅನ್ನಿಸಿತು. ಎರಡು ದಿನ ಇರಬೇಕೆಂದು ಹೋದವಳು ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಅವ್ವ ಬಸ್‌ಸ್ಟ್ಯಾಂಡಿನವರೆಗೆ ಬಂದು ಒಂದು ಚೀಲ ಶೇಂಗಾ ಕೊಟ್ಟಳು. ಬೇಡ ಎನ್ನಲಾಗಲಿಲ್ಲ.

ಅದೇ ವರ್ಷ ಚಿಕ್ಕ ಹುಡುಗಿಗೆ ಗಂಡು ಗೊತ್ತಾಯಿತು. ನ್ಯಾಮತಿಯವರು, ಅನುಕೂಲಸ್ಥರು, ಹುಡುಗನಿಗೆ ಗೊಬ್ಬರದ ಅಂಗಡಿ. ನಿಶ್ಚಿತಾರ್ಥವನ್ನು ಅವರ ಇಷ್ಟದಂತೆ ನ್ಯಾಮತಿಯ ಒಂದು ಮಂಟಪದಲ್ಲೇ ಇಟ್ಟುಕೊಂಡರು. ಅಡುಗೆಗೆ ಅಡುಗೆ ಭಟ್ಟರಿದ್ದರು. ಆದರೂ ಹೆಣ್ಣಿನ ಕಡೆಯಿಂದ ಒಂದು ವಿಶೇಷ ಇರಲಿ ಎಂದು ನಾದಿನಿಗೆ ಆಸೆ. ಫೋನ್ ಬಂತು. ಮಾಡುತ್ತೇನೆ, ಆದರೆ ಕಾರು ಕಳಿಸುವುದು ಬೇಡ, ನಾನೇ ತರುತ್ತೇನೆ ಎಂದೆ. ಬಸ್ಸಿನ ತೊಂದರೆಯ ಮಾತನ್ನೇ ಮತ್ತೆ ತೆಗೆದಳು. ಆಮೇಲೆ ಅವಳು, "ಬರ್ರಿ ಅತ್ತಿಗೆ, ಯಾರು ಬ್ಯಾಡ ಅಂತಾರೆ. ಊಟದ ಹೊತ್ತಿಗೆ ಬಂದ್ರೂ ಸಾಕು" ಎಂದಳು.

ನಾನು ಊಟದ ಹೊತ್ತಿಗೆ ಹೋಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊನ್ನಾಳಿಗೆ ಹೋಗಿ, ಅಲ್ಲಿ ಇಳಿದು ನ್ಯಾಮತಿಯ ಬಸ್ಸು ಹತ್ತಿದೆ. ಜನ ಕಿಕ್ಕಿರಿದಿದ್ದರು, ನಾದಿನಿ ಹೇಳಿದ್ದು ಸುಳ್ಳಲ್ಲ. ಬೋಗುಣಿಗೆ ಬಟ್ಟೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರ ಮದುವೆ ಎಂದು ಕೇಳಿದಳು. ನನ್ನ ಸೊಸೆಯ ನಿಶ್ಚಿತಾರ್ಥ ಎಂದೆ. ನಮ್ಮಲ್ಲಿ ನಾದಿನಿಯ ಮಗಳು ಸೊಸೆಯೇ. ಹಾಗೆ ಹೇಳುವಾಗ ಬಾಯಿಗೆ ಹಿತವೆನ್ನಿಸಿತು.

ಮಂಟಪಕ್ಕೆ ಕಾಲಿಟ್ಟಾಗ ಶಾಸ್ತ್ರ ಇನ್ನೂ ಶುರುವಾಗಿರಲಿಲ್ಲ. ಬಾಗಿಲಲ್ಲಿ ಇಬ್ಬರು ಹುಡುಗಿಯರು ಪನ್ನೀರು, ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ನನ್ನ ಮುಂದೆ ಇದ್ದವರಿಗೆ ಕೊಟ್ಟರು, ಹಿಂದೆ ಬಂದವರಿಗೆ ಕೊಟ್ಟರು. ನನ್ನ ಎರಡೂ ಕೈಯಲ್ಲಿ ಬೋಗುಣಿ ಇದ್ದುದರಿಂದ ಕೊಡಲಿಲ್ಲವೋ ಏನೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ನಾದಿನಿ ವೇದಿಕೆಯಿಂದ ನನ್ನನ್ನು ನೋಡಿದವಳೇ ಇಳಿದು ಬಂದಳು. ಬೋಗುಣಿಯ ಒಂದು ಕಿವಿ ತಾನು ಹಿಡಿದು, ನನ್ನನ್ನೂ ಬೋಗುಣಿಯನ್ನೂ ಒಟ್ಟಿಗೇ ಹಿಂದಿನ ಅಡುಗೆ ಮನೆಗೆ ನಡೆಸಿದಳು.

"ಬಂದದ್ದು ಒಳ್ಳೇದಾತು ಅತ್ತಿಗೆ. ಈ ಬಡಿಸೋರ ಕೈಯಾಗೆ ಕೊಟ್ರೆ ಒಡೆದು ಹಿಟ್ಟು ಮಾಡ್ತಾರೆ. ನೀವೇ ಇಲ್ಲಿ ನಿಂತು ಬಿಸಿ ಮಾಡಿ ಕೊಡ್ರಿ. ನಿಮ್ಮನ್ನ ಬಿಟ್ರೆ ಯಾರಿಗೂ ಬರಲ್ಲ."

ಮಾತಿನಲ್ಲಿ ಪ್ರೀತಿಯೇ ಇತ್ತು. ಅದನ್ನು ತಳ್ಳಲಾಗದೆ ಬೋಗುಣಿ ಕೆಳಗಿಳಿಸಿದೆ. ಭಟ್ಟರು ಒಂದು ಒಲೆ ಬಿಟ್ಟುಕೊಟ್ಟರು. ಎಣ್ಣೆಗಾಯಿ ಬಿಸಿಯಾಗಲು ಎಷ್ಟು ಹೊತ್ತು ಬೇಕು? ಊಟಕ್ಕೆ ಇನ್ನೂ ಎರಡು ತಾಸು ಇತ್ತು. ಒಲೆ ಹಚ್ಚದೆ ಅದರ ಮುಂದೆ ನಿಂತೆ. ಆಚೆ ಮೈಕಿನಲ್ಲಿ ಪುರೋಹಿತರು ಹುಡುಗಿಯ ಸೋದರಮಾವ ಬರಬೇಕು ಎಂದು ಕರೆದರು. ನಾನು ಒಲೆ ಬಿಟ್ಟು ಬಾಗಿಲಿನ ಹತ್ತಿರ ಬಂದೆ. ನಾದಿನಿಯ ದೊಡ್ಡಪ್ಪನ ಮಗ ಒಬ್ಬ ಬಂದು ನಿಂತ, ಅವನ ಹೆಂಡತಿ ಪಕ್ಕಕ್ಕೆ ನಿಂತಳು. ಅಡುಗೆ ಮನೆಯ ಬಾಗಿಲಿನಿಂದ ಅಷ್ಟು ಕಾಣುತ್ತಿತ್ತು. ಹುಡುಗಿಯ ಮುಖ ಕಾಣುತ್ತಿರಲಿಲ್ಲ, ಜಡೆ ಮಾತ್ರ ಕಾಣುತ್ತಿತ್ತು. ಯಾರೋ ಹಾಕಿದ್ದರು, ತುದಿಯವರೆಗೂ ಮಲ್ಲಿಗೆ ನೇಯ್ದಿದ್ದರು.

ಮೊದಲ ಪಂಕ್ತಿ ಕೂತಾಗ ನಾನು ಬಿಸಿ ಮಾಡಿ, ಬಡಿಸುವವರ ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಕೊಟ್ಟೆ. ಒಂದೂ ಒಡೆಯಲಿಲ್ಲ. ಎರಡನೇ ಸಲ ಕೇಳಿಕೊಂಡು ಬಂದರು. ಆಗ ಬೀಗಿತ್ತಿ, ಹುಡುಗನ ತಾಯಿ, ಊಟ ಮುಗಿಸಿ ಕೈ ತೊಳೆಯಲು ಹಿಂದಿನ ನಲ್ಲಿಯ ಕಡೆ ಬಂದರು. ಜೊತೆಗೆ ನಾದಿನಿ ಟವೆಲ್ ಹಿಡಿದು ಬಂದಿದ್ದಳು. ಬಾಗಿಲ ಮರೆಯಲ್ಲಿ ನಾನಿದ್ದೆ. ಆ ಆಲೂಗಡ್ಡೆ ಪಲ್ಯ ಯಾರು ಮಾಡಿದ್ದು, ಇಂಥದ್ದು ಯಾವ ಮದುವೆಯಲ್ಲೂ ತಿಂದಿಲ್ಲ ಎಂದು ಅವರು ಕೇಳುವುದು ಕೇಳಿಸಿತು. ನಾದಿನಿ, "ನಮ್ಮ ಕಡೆಯೋರು ಒಬ್ರು ಮಾಡ್ತಾರೆ" ಎಂದಳು.

ಒಬ್ಬರು. ಇಪ್ಪತ್ತು ವರ್ಷದಿಂದ ಅತ್ತಿಗೆಯಾಗಿದ್ದವಳು ಈಗ ಯಾರೋ ಒಬ್ಬರು ಆಗಿದ್ದೆ. ನಾನು ಬಾಗಿಲು ದಾಟಿ ಹೊರಗೆ ಬಂದೆ.

"ನಾನು ಮಾಡಿದ್ದು," ಎಂದೆ. "ನಾನು ಹುಡುಗಿಯ ಸೋದರಮಾವನ ಹೆಂಡ್ತಿ. ಚನ್ನಗಿರಿಯಾಕೆ."

ಬೀಗಿತ್ತಿ ನಗುಮುಖದಿಂದ ತಿರುಗಿದರು. ಇಷ್ಟು ಹೊತ್ತು ನೀವು ಕಾಣಲೇ ಇಲ್ಲವಲ್ಲ, ಯಜಮಾನರು ಎಲ್ಲಿ ಎಂದು ಕೇಳಿದರು. ತೀರಿಕೊಂಡರು ಎಂದೆ. ಅವರ ಕಣ್ಣು ನನ್ನ ಹಣೆಯ ಸ್ಟಿಕ್ಕರಿನ ಮೇಲೆ ಬಂದು ನಿಂತಿತು, ಆಮೇಲೆ ಕೈಗಳ ಮೇಲೆ, ಆಮೇಲೆ ನಾದಿನಿಯ ಮುಖದ ಮೇಲೆ. ಕೆಟ್ಟದಾಗಿ ಏನೂ ಅನ್ನಲಿಲ್ಲ. ಅಡುಗೆ ಬಹಳ ಚೆನ್ನಾಗಿತ್ತಮ್ಮ, ನೀವೂ ಊಟ ಮಾಡಿ ಎಂದು ಹೇಳಿ, ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ ಹೊರಟುಹೋದರು.

ಅವರು ಹೋದ ಮೇಲೆ ನಾದಿನಿ ನನ್ನ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ.

"ನಿಮಗೆ ಇದು ಬೇಕಿತ್ತಾ ಅತ್ತಿಗೆ? ನಾಳೆ ಅವ್ರು ಏನಾದ್ರೂ ಅಂದ್ರೆ ನನ್ನ ಮಗಳ ಗತಿ ಏನು?"

ನಾನು ಏನು ತಪ್ಪು ಮಾಡಿದೆ ಎಂದು ಕೇಳಿದೆ. ನನ್ನನ್ನು ದೂರ ಇಡುತ್ತಿದ್ದೀಯ ಎಂದೆ. ಅವಳ ಕಣ್ಣು ತುಂಬಿತು. ಅದು ನಟನೆಯಲ್ಲ, ಅವಳನ್ನು ನಾನು ಬಲ್ಲೆ.

"ದೂರ ಎಲ್ಲಿ ಇಟ್ಟೀನಿ? ನಿಮ್ಮ ಕೈ ಅಡುಗೆ ನಾವೆಲ್ರೂ ತಿನ್ನಲ್ವಾ? ಮುಖ ಮುರಿದೀವಾ? ಶಾಸ್ತ್ರಕ್ಕೆ ಮುಂದೆ ಬರಬ್ಯಾಡ್ರಿ ಅಂತ ಬಾಯಿಬಿಟ್ಟು ಹೇಳಾಕೆ ನನಗೆ ಮನಸ್ಸು ಬರಲಿಲ್ಲ. ನೀವೇ ತಿಳ್ಕೊಂತೀರಿ ಅನ್ಕೊಂಡಿದ್ದೆ."

ಅವರಿಗೆ ನನ್ನ ಕೈ ಆಗುತ್ತಿತ್ತು. ಆ ಕೈಯಿಂದ ಸಿಪ್ಪೆ ತೆಗೆದದ್ದು, ಚುಚ್ಚಿದ್ದು, ಕುಲುಕಿದ್ದು ಎಲ್ಲವೂ ಆಗುತ್ತಿತ್ತು. ಆ ಕೈ ಸೇರಿಕೊಂಡಿರುವ ಹೆಂಗಸು ಮಾತ್ರ ಆಗುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳುವ ಮೊದಲೇ ಅವಳನ್ನು ಯಾರೋ ಫೋಟೋಕ್ಕೆ ಕರೆದರು.

ಹುಡುಗಿ ಹುಡುಕಿಕೊಂಡು ಬಂದದ್ದು ಕೊನೆಯ ಪಂಕ್ತಿಯ ಹೊತ್ತಿಗೆ. ಅವಳ ಬಗ್ಗೆ ನನಗೆ ಆಸೆ ಉಳಿದಿತ್ತು. ಬಿ.ಎಡ್ ಓದಿದ ಹುಡುಗಿ, ನನ್ನ ಅಂಗಳದಲ್ಲಿ ಬೆಳೆದವಳು. ಕೈಹಿಡಿದು ಎಳೆದುಕೊಂಡು ಹೋಗಿ ವೇದಿಕೆಯ ಮೇಲೆ ತನ್ನ ಪಕ್ಕ ನಿಲ್ಲಿಸಿಕೊಳ್ಳುತ್ತಾಳೆ ಎಂದು ಬೆಳಗಿನಿಂದ ಎಷ್ಟು ಸಲ ಅಂದುಕೊಂಡಿದ್ದೆನೋ. ಅವಳು ಬಂದು ತಬ್ಬಿಕೊಂಡಳು. ಮೈಯಿಂದ ಮಲ್ಲಿಗೆಯ, ಹೊಸ ರೇಷ್ಮೆಯ ವಾಸನೆ ಬಂತು.

"ಅತ್ತೆ, ಎಲ್ರೂ ನಿಮ್ಮ ಆಲೂಗಡ್ಡೆದೇ ಮಾತು," ಎಂದಳು. "ಅವರ ಮನೆಯವರಿಗೆ ಭಾಳ ಹಿಡಿಸೈತೆ. ಹೆಂಗೆ ಮಾಡೋದು ಅಂತ ನನಗೆ ವಾಟ್ಸಾಪ್ ಮಾಡ್ತೀರಾ? ಅಲ್ಲಿ ಹೋದ ಮ್ಯಾಲೆ ನಾನೇ ಮಾಡ್ತೀನಿ."

ಮಾಡುತ್ತೇನೆ ಎಂದೆ. ವೇದಿಕೆಗೆ ಬನ್ನಿ, ಫೋಟೋ ತೆಗೆಸೋಣ ಎಂದು ಅವಳು ಹೇಳಲಿಲ್ಲ. ಅವಳಿಗೆ ಹೊಳೆಯಲೂ ಇಲ್ಲ. ಹೊಳೆದು ಹೇಳದೆ ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಖಾಲಿ ಬೋಗುಣಿಯನ್ನು ಭಟ್ಟರ ಹುಡುಗರ ಜೊತೆಗೇ ತೊಳೆದು, ಬಟ್ಟೆ ಕಟ್ಟಿಕೊಂಡು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಊಟ ಮಾಡಿರಲಿಲ್ಲ ಎಂಬುದು ಹೊನ್ನಾಳಿ ದಾಟಿದ ಮೇಲೆ ನೆನಪಾಯಿತು.

ಅಡುಗೆಯ ಕ್ರಮವನ್ನು ಹುಡುಗಿಗೆ ಕಳಿಸಿದೆ. ಏನನ್ನೂ ಮುಚ್ಚಿಡಲಿಲ್ಲ, ಒಣಕೊಬ್ಬರಿಯಿಂದ ಹಿಡಿದು ಮುಚ್ಚಳದವರೆಗೆ ಎಲ್ಲ ಬರೆದೆ. ಅವಳು ಒಂದು ಹೃದಯದ ಗುರುತು ಹಾಕಿದಳು.

ಮದುವೆಗೆ ನಾದಿನಿ ಮತ್ತೆ ಫೋನ್ ಮಾಡಿದಳು. ನಡೆದದ್ದನ್ನು ಮರೆತವರ ಹಾಗೆ ಇಬ್ಬರೂ ಮಾತಾಡಿದೆವು. ಎಣ್ಣೆಗಾಯಿಯ ಮಾತು ಬಂದಾಗ ನಾನು, ಈ ಸಲ ಆಗುವುದಿಲ್ಲ ಎಂದೆ. ಶಾಲೆಯ ನೆಪ ಹೇಳಲಿಲ್ಲ, ಮೈ ಹುಷಾರಿಲ್ಲ ಎನ್ನಲಿಲ್ಲ. ಮಾಡಲು ಇಷ್ಟವಿಲ್ಲ ಎಂದೆ. ಸಿಟ್ಟಾ ಎಂದು ಕೇಳಿದಳು. ಹೌದು ಎಂದೆ. ನಿಮ್ಮ ಇಷ್ಟ ಎಂದು ಹೇಳಿ ಅವಳು ಫೋನ್ ಇಟ್ಟಳು. ಅವತ್ತು ರಾತ್ರಿ ನನಗೆ ಒಂದು ಬಗೆಯ ಗೆಲುವು ಅನ್ನಿಸಿತ್ತು. ಎಲೆಯ ಬಲಭಾಗ ಖಾಲಿ ಇರುತ್ತದೆ, ಬಂದವರೆಲ್ಲ ಕೇಳುತ್ತಾರೆ, ಅವಳು ಉತ್ತರ ಹೇಳಬೇಕಾಗುತ್ತದೆ ಎಂದುಕೊಂಡಿದ್ದೆ.

ಹಾಗೇನೂ ಆಗಲಿಲ್ಲ. ನಾನು ಹೋಗಲಿಲ್ಲ. ಹುಡುಗಿಯನ್ನು ಚಿಕ್ಕಂದಿನಿಂದ ಕಂಡವಳೆಂದು ಕರೆದಿದ್ದರಿಂದ ಮದುವೆಗೆ ಹೋಗಿ ಬಂದ ಎದುರು ಮನೆಯಾಕೆ ಊಟದ ವರ್ಣನೆ ಮಾಡಿದಳು. ಭಟ್ಟರು ಪನೀರಿನದ್ದು ಏನೋ ಮಾಡಿದ್ದರಂತೆ, ಜನ ಎರಡೆರಡು ಸಲ ಹಾಕಿಸಿಕೊಂಡರಂತೆ. ಆಲೂಗಡ್ಡೆಯನ್ನು ಯಾರಾದರೂ ಕೇಳಿದರಾ ಎಂದು ವಿಚಾರಿಸಿದೆ. ಯಾವ ಆಲೂಗಡ್ಡೆ ಎಂದಳು. ಆ ಮನೆಯಲ್ಲಿ ನನ್ನದೊಂದು ಜಾಗವಿದೆ, ಅದನ್ನು ನನ್ನ ಕೈಯಿಂದ ಸಂಪಾದಿಸಿದ್ದೇನೆ ಎಂದು ಇಪ್ಪತ್ತು ವರ್ಷ ನಂಬಿದ್ದೆ. ಒಂದು ಪನೀರ್ ಪಲ್ಯಕ್ಕೆ ಆ ಜಾಗ ತುಂಬಿತು.

ಅದಾದ ಮೇಲೆ ಹೊನ್ನಾಳಿಯಿಂದ ಶುಭದ ಫೋನ್ ಬರಲಿಲ್ಲ. ಸೀಮಂತ, ಹುಟ್ಟಿದಹಬ್ಬ ಎಲ್ಲ ವಾಟ್ಸಾಪ್ ಗುಂಪಿನಲ್ಲಿ ನೋಡಿ ತಿಳಿಯುತ್ತಿದ್ದೆ. ನಾನೂ ಎಲ್ಲರಂತೆ ಕೈಮುಗಿಯುವ ಗುರುತು ಹಾಕುತ್ತಿದ್ದೆ. ಭಾನುವಾರ ಒಬ್ಬಳಿಗಾಗಿ ಆಲೂಗಡ್ಡೆ ಬೇಯಿಸಿ ಚುಚ್ಚಿ ಕೂರುವ ಉತ್ಸಾಹ ಇರಲಿಲ್ಲ. ಅವ್ವ ಕೊಟ್ಟ ಶೇಂಗಾ ಡಬ್ಬಿಯಲ್ಲೇ ಕಮಟು ಹಿಡಿಯಿತು, ಚೆಲ್ಲಿದೆ.

ಹೋದ ಮಾಘದಲ್ಲಿ ನಾದಿನಿಯ ಮಾವ ತೀರಿಕೊಂಡರು. ಅವರ ಪ್ರಾಣ ಹೋಗಿ ಒಂದು ಗಂಟೆಯೂ ಆಗಿರಲಿಲ್ಲ, ನನಗೆ ಫೋನ್ ಬಂತು. ನಾನು ತರಗತಿಯಲ್ಲಿದ್ದೆ. ನಾದಿನಿ ಅಳುತ್ತಿದ್ದಳು, ಬೇಗ ಬನ್ನಿ, ಕಾರು ಕಳಿಸಿದ್ದೀನಿ ಎಂದಳು. ಹೆಡ್‌ಮಾಸ್ಟರಿಗೆ ರಜೆ ಬರೆದುಕೊಟ್ಟು ಒಂದು ಪೀರಿಯಡ್ ಕಾಯುವಷ್ಟರಲ್ಲಿ ಕಾರು ಶಾಲೆಯ ಮುಂದೆ ನಿಂತಿತ್ತು. ಹೊನ್ನಾಳಿಯ ಮನೆಯ ಮುಂಬಾಗಿಲಿನಿಂದಲೇ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಕೂತಿದ್ದ ಹೆಂಗಸರು ಸರಿದು ಮುಂದಿನ ಸಾಲಿನಲ್ಲಿ ನನಗೆ ಜಾಗ ಮಾಡಿಕೊಟ್ಟರು. ನಾದಿನಿಯ ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಎಪ್ಪತ್ತು ದಾಟಿದ ಮುದುಕಿ. ಅವರ ಕೈ ಹಿಡಿದುಕೊಂಡು ಕೂರುವ ಕೆಲಸವನ್ನು ಯಾರೂ ಹೇಳದೆಯೇ ನನಗೆ ಬಿಟ್ಟಿದ್ದರು.

ಎಲ್ಲ ಮುಗಿದು, ಮಂದಿ ಮಣ್ಣು ಮಾಡಿ ಬಂದು ಸ್ನಾನ ಮಾಡಿದ ಮೇಲೆ ನಾದಿನಿ ನನ್ನ ಪಕ್ಕ ಬಂದು ಕೂತಳು. ಭುಜದ ಮೇಲೆ ತಲೆಯಿಟ್ಟು ಬಹಳ ಅತ್ತಳು. ಅಣ್ಣ ಇದ್ದಿದ್ದರೆ ಎಲ್ಲ ನೋಡಿಕೊಳ್ಳುತ್ತಿದ್ದ ಎಂದಳು. ಬೆನ್ನು ಸವರಿದೆ. ಅವಳ ದುಃಖ ನಿಜವಾದದ್ದು, ನನ್ನ ಕೈಗೆ ಅದು ತಿಳಿಯುತ್ತಿತ್ತು. ಆದರೆ ನನ್ನೊಳಗೆ ಏನೂ ಮಿಸುಕಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದಳು.

"ಹನ್ನೊಂದನೇ ದಿನಕ್ಕೆ ಹಿಂದಿನ ದಿನನೇ ಬಂದುಬಿಡ್ರಿ ಅತ್ತಿಗೆ," ಎಂದಳು. "ನೀವೇ ಮುಂದೆ ನಿಂತು ಮಾಡಬೇಕು."

ಬರುತ್ತೇನೆ ಎಂದೆ. ಹೋದೆ ಕೂಡ.